ಕೇಳದೇ ಕೈ ಜೋಡಿಸುವ ರೂಢಿ ವಾರ್ಡಿಗೆ ಮತ್ತೆ ಬರುವುದು ಹೇಗೆ?

ಸಿಸ್ಟರ್, ಹುಬ್ಬಳ್ಳಿ:
ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಹೋದ ತಿಂಗಳು ಮೆಡಿಕಲ್ ವಾರ್ಡಿಗೆ ಇನ್‌ಚಾರ್ಜ್ ಮಾಡಿದರು.

ನಾನು ಸೇರಿದಾಗಿದ್ದ ಇನ್‌ಚಾರ್ಜ್ ಸಿಸ್ಟರ್ ದೀಪಾವಳಿ ರಾತ್ರಿಯ ಡ್ಯೂಟಿಗೆ ಮೊದಲು ತಮ್ಮ ಹೆಸರನ್ನೇ ಬರೆದುಕೊಳ್ಳುತ್ತಿದ್ದರು. ಒಮ್ಮೆ ಇನ್ಸುಲಿನ್ ಕೊಟ್ಟಿದ್ದನ್ನು ಚಾರ್ಟಿನಲ್ಲಿ ಬರೆಯಲು ಮರೆತೆ. ಮುಂದಿನ ಶಿಫ್ಟಿನವರು ಇನ್ನೊಮ್ಮೆ ಕೊಟ್ಟುಬಿಡಬಹುದಿತ್ತು. ರೌಂಡ್ಸಿನಲ್ಲಿ ಡಾಕ್ಟರು ಕೂಗಾಡಿದಾಗ ಆ ಸಿಸ್ಟರ್ "ನನ್ನ ವಾರ್ಡು ಸರ್, ನನ್ನನ್ನೇ ಕೇಳಿ" ಎಂದು ಮುಂದೆ ನಿಂತರು. ಆಮೇಲೆ ನನ್ನೊಬ್ಬಳನ್ನೇ ಕರೆದು, ಟ್ರೇಯಲ್ಲಿ ಸಿರಿಂಜಿನ ಪಕ್ಕದಲ್ಲೇ ಪೆನ್ನು ಇಟ್ಟುಕೊಳ್ಳುವುದನ್ನು ಕಲಿಸಿದರು. ಇಂದಿಗೂ ಹಾಗೇ ಇಡುತ್ತೇನೆ.

ಆಗ ಬೆಳಿಗ್ಗೆ ಎಂಟಕ್ಕೆ ನೈಟ್ ಮುಗಿದರೂ, ಹೊಸ ಅಡ್ಮಿಷನ್ ಬಂದಿದ್ದರೆ ಐವಿ (ಡ್ರಿಪ್) ಹಾಕಿಕೊಟ್ಟೇ ಹೊರಡುತ್ತಿದ್ದೆವು. ಈಗ ಎಂಟಾಯಿತೆಂದರೆ ಬ್ಯಾಗು ಹೆಗಲಿಗೆ. ಹುಡುಗಿಯರನ್ನು ದೂರುವುದಿಲ್ಲ, ನಡುವಿನ ವರ್ಷಗಳಲ್ಲಿ ಐದು ನಿಮಿಷ ತಡವಾದರೂ ಮೆಮೊ ಸಿಗುತ್ತಿತ್ತು. ನಾನು ಎಲ್ಲಿಂದ ಶುರು ಮಾಡಲಿ?

ಎಚ್‌ಆರ್ ಓದಿದವನು, ಮೈಸೂರು:
ಅಕ್ಕಾ, ನಿಮ್ಮ ಸಿಸ್ಟರ್ ಮಾಡಿದ್ದಕ್ಕೆ ಸೇವಕ ನಾಯಕತ್ವ ಎನ್ನುತ್ತಾರೆ. ಅಮೆರಿಕದ ಎಟಿ ಅಂಡ್ ಟಿ ಫೋನ್ ಕಂಪನಿಯಲ್ಲಿ ದುಡಿದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ಕೈಕೆಳಗಿನವರು ಬೆಳೆದರೇ ಎನ್ನುವುದೇ ಅವರ ಪರೀಕ್ಷೆ. ನೀವು ಐವಿ ಹಾಕಿಕೊಟ್ಟಂಥ ಕೆಲಸವನ್ನು ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಡೆನ್ನಿಸ್ ಆರ್ಗನ್ 1988ರ ಪುಸ್ತಕದಲ್ಲಿ ಸಂಸ್ಥೆಯ ಪೌರ ನಡವಳಿಕೆ ಎಂದರು: ಯಾರೂ ವಿಧಿಸದ, ಸಂಬಳಕ್ಕೆ ನೇರವಾಗಿ ಸೇರದ ನೆರವು. ಕಷ್ಟಕ್ಕೆ ಬೆನ್ನಿಗೆ ನಿಂತವರ ಋಣವನ್ನು ಜನ ಅವರಿಗಷ್ಟೇ ಅಲ್ಲ, ಪಕ್ಕದವರಿಗೂ ತೀರಿಸುತ್ತಾರೆ.

ಲೈನ್ ಸೂಪರ್‌ವೈಸರ್, ಪೀಣ್ಯ:
ನಾನು ಗಾರ್ಮೆಂಟ್ಸಿನವನು. ಕಾಲರ್ ಮೆಷಿನ್ ಹತ್ತಿರ ಬಂಡಲ್ ಗುಡ್ಡೆ ಬಿದ್ದರೆ ನಾನೇ ಕೂತು ಹೊಲಿಯುತ್ತೇನೆ. ಮೊದಮೊದಲು ಎಲ್ಲರೂ ಸುಮ್ಮನೆ ನೋಡಿದರು. ತಿಂಗಳು ಕಳೆದ ಮೇಲೆ ಕಫ್ ಹೊಲಿಯುವ ಹೆಂಗಸು ತನ್ನ ಕೆಲಸ ಮುಗಿಸಿ ಎದ್ದು ಬಂದು "ಸರಿಯಿರಿ ಸಾರ್" ಎಂದಳು. ಆಗ ನಾನೊಂದು ತಪ್ಪು ಮಾಡಿದೆ: ನೆರವಾದವರ ಹೆಸರನ್ನು ಬೋರ್ಡಿನಲ್ಲಿ ಬರೆಯತೊಡಗಿದೆ. ಉಳಿದವರಿಗೆ ಅದು ಹುಕುಮ್ ಥರ ಕಂಡಿತು, ಮನಸ್ಸಿನಿಂದ ಬರುತ್ತಿದ್ದುದು ನಿಂತೇಹೋಯಿತು. ಸಿಸ್ಟರ್, ದಯವಿಟ್ಟು ಲೆಕ್ಕ ಇಡಬೇಡಿ. ಇನ್ನೊಂದು, ದಿನಾ ಜನ ಉಳಿಯಲೇಬೇಕಾಗಿದ್ದರೆ ಅದು ಆಳಿನ ಕೊರತೆ. ಅದನ್ನು ಮೇಲಿನವರಿಗೆ ಬರೆದು ಕೊಡಿ.

ಸಿಸ್ಟರ್, ಹುಬ್ಬಳ್ಳಿ:
ಕೊರತೆ ನಿಜ, ಸರ್. ಮೂರು ಜನ ಇರಬೇಕಾದಲ್ಲಿ ಇಬ್ಬರಿದ್ದಾರೆ. ಈಗಿನ ನಿಯಮದಲ್ಲಿ ಇನ್‌ಚಾರ್ಜ್‌ಗೆ ನೈಟ್ ಇಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಬರೆದಿದ್ದೇನೆ: ಒಬ್ಬರನ್ನು ಕೊಡಿ, ಕೊಡುವ ತನಕ ವಾರಕ್ಕೊಂದು ನೈಟ್ ನನಗೇ ಹಾಕಿ. ನಾಳೆ ಮೇಟ್ರನ್ ಮೇಡಂ ಕೈಗೆ ಕೊಡುತ್ತೇನೆ.