ಎರಡನೇ ಕಾರಿಗೆ ಹಳೇ ಕಾರಿನ ಎನ್‌ಸಿಬಿ ಹಾಕಿಸಬಹುದಾ?

ಭತ್ತದನಾಡು (ಗಂಗಾವತಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗೊಂದಲದಲ್ಲಿದ್ದೇನೆ, ತಿಳಿದವರು ಹೇಳಿ.

ನನ್ನ ಹತ್ತಿರ 2018ರ ವ್ಯಾಗನ್ ಆರ್ ಇದೆ. ಇಷ್ಟು ವರ್ಷದಲ್ಲಿ ಒಂದು ಕ್ಲೇಮೂ ಮಾಡಿಲ್ಲ. ಬಂಪರ್ ತರಚಿದ್ದು, ಕನ್ನಡಿ ಒಡೆದದ್ದು ಎಲ್ಲ ಕೈಯಿಂದಲೇ ದುಡ್ಡು ಹಾಕಿ ಮಾಡಿಸಿದ್ದೇನೆ. ಹಾಗಾಗಿ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ಡಿಸ್ಕೌಂಟ್) 50 ಪರ್ಸೆಂಟ್ ಇದೆ. ಈಗ ಬ್ರೆಝಾ ಬುಕ್ ಮಾಡಿದ್ದೇನೆ. ವ್ಯಾಗನ್ ಆರ್ ಮಾರುವುದಿಲ್ಲ, ನಮ್ಮ ಮನೆಯವರು ಕಾರಟಗಿಯಲ್ಲಿ ಟೀಚರ್, ದಿನಾ ಅದರಲ್ಲೇ ಹೋಗಿ ಬರುತ್ತಾರೆ.

ಶೋರೂಂನವರು ಕೊಟ್ಟ ಕೊಟೇಶನ್‌ನಲ್ಲಿ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗುವ ಹಾನಿಯ ವಿಮೆ) 18,000, ಮೂರು ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ ವಿಮೆ) 10,640, ಅಪಘಾತ ವಿಮೆ ಬೇರೆ, ಎಲ್ಲದರ ಮೇಲೆ ಜಿಎಸ್‌ಟಿ. ಜಾಸ್ತಿ ಆಯಿತಲ್ಲ ಎಂದೆ. ಅಲ್ಲಿದ್ದ ಹುಡುಗ, "ಹಳೇ ಕಾರಿನ ಪಾಲಿಸಿ ವಾಟ್ಸಾಪ್ ಮಾಡ್ರಿ ಸರ, ಅದರ 50 ಪರ್ಸೆಂಟ್ ಇದಕ್ಕ ಹಾಕಿಬಿಡ್ತೀನಿ, ಒಂಬತ್ತು ಸಾವಿರ ಉಳೀತದ" ಎಂದ. ಹಳೇದು ಮಾರಲ್ಲಪ್ಪ ಎಂದರೆ, "ಅದನ್ನ ಯಾರ್ ಕೇಳ್ತಾರ್ರಿ" ಎಂದ. ಅವನು ಅಷ್ಟು ಸಲೀಸಾಗಿ ಹೇಳಿದ್ದಕ್ಕೇ ನನಗೆ ಅನುಮಾನ ಬಂತು.

ಕ್ಲೇಮ್ ಮಾಡದೆ ಇದ್ದವನು ನಾನು, ಅಂದ ಮೇಲೆ ಡಿಸ್ಕೌಂಟ್ ನನ್ನ ಎರಡೂ ಕಾರಿಗೆ ಸಿಗಬೇಕಲ್ವಾ? ತಮ್ಮನ ಟಾಟಾ ಏಸ್ ಕೂಡ ನನ್ನ ಹೆಸರಲ್ಲೇ ಇದೆ, ಅದಕ್ಕೂ ಎನ್‌ಸಿಬಿ ಇದೆ, ಅದನ್ನಾದರೂ ತರಬಹುದಾ? ಇನ್ನು ಅಪ್ಪಾಜಿ ಹೆಸರಿನ ಆಲ್ಟೋ ಒಂದು ಮನೆ ಮುಂದೆ ನಿಂತಿದೆ, ಅವರು ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು, ಯಾರೂ ಓಡಿಸುತ್ತಿಲ್ಲ, ಅದರ ವಿಷಯ ಬಿಡಿ.

ಪಾಲಿಸಿಅಣ್ಣ (ಕೊಪ್ಪಳ):

ಮೊದಲು ಆ ವಾಟ್ಸಾಪ್ ಮಾಡಬೇಡಿ ಸರ್. ನಾನು ಇದೇ ಕೆಲಸ ಮಾಡುವವನು, ಹನ್ನೆರಡು ವರ್ಷವಾಯಿತು.

ಎನ್‌ಸಿಬಿ ಗಾಡಿಯದ್ದಲ್ಲ, ಮಾಲೀಕನದ್ದು. ಅಲ್ಲಿಯವರೆಗೆ ನೀವು ಹೇಳಿದ್ದು ಸರಿ. ಆದರೆ ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಗೆ ಇದು. ಟವೆಲ್ ನಿಮ್ಮದೇ, ಆದರೆ ಒಂದು ಟವೆಲ್ಲಿಗೆ ಒಂದೇ ಸೀಟು. ವ್ಯಾಗನ್ ಆರ್ ನಿಮ್ಮ ಹೆಸರಲ್ಲಿ ಓಡುತ್ತಿರುವವರೆಗೆ ಆ 50 ಅದರ ಮೇಲೇ ಇರುತ್ತದೆ. ಬ್ರೆಝಾ ಸೊನ್ನೆಯಿಂದ ಶುರುವಾಗಬೇಕು. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಅದರ ಮೇಲೆ ಇಲ್ಲ, ಇಪ್ಪತ್ತು ವರ್ಷ ಮುಟ್ಟದೆ ಓಡಿಸಿದರೂ 50ಕ್ಕೇ ನಿಲ್ಲುತ್ತದೆ. ಇದೆಲ್ಲ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ರೇಟು ಸರ್ಕಾರ ಕಟ್ಟಿದ್ದು, ಅದರಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಟಾಟಾ ಏಸ್ ಗೂಡ್ಸ್ ಗಾಡಿ. ಅದರ ಎನ್‌ಸಿಬಿ ಕಾರಿಗೆ ಬರುವುದಿಲ್ಲ. ಬೈಕಿನದ್ದೂ ಅಷ್ಟೇ. ಕಾರಿನದ್ದು ಕಾರಿಗೆ ಮಾತ್ರ.

ಒಂದು ಉಳಿತಾಯ ಇದೆ ನೋಡಿ. ಕೊಟೇಶನ್‌ನಲ್ಲಿ ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ ಸೇರಿಸಿದ್ದಾರೆ. ಅದು ಮನುಷ್ಯನಿಗೆ, ಗಾಡಿಗಲ್ಲ. ವ್ಯಾಗನ್ ಆರ್ ಪಾಲಿಸಿಯಲ್ಲಿ ಈಗಾಗಲೇ ಇದ್ದರೆ ಎರಡನೇ ಸಲ ಕೊಡಬೇಕಿಲ್ಲ. ಬರೆದುಕೊಟ್ಟು ತೆಗೆಸಿ.

ಬಿಸಿಲೂರು (ರಾಯಚೂರು):

"ಯಾರ್ ಕೇಳ್ತಾರ್ರಿ" ಅಂದನಾ? ರಿನ್ಯೂ ಮಾಡುವಾಗ ಯಾರೂ ಕೇಳುವುದಿಲ್ಲ ಅಣ್ಣ. ಕ್ಲೇಮಿಗೆ ಹೋದಾಗ ಎಲ್ಲರೂ ಕೇಳುತ್ತಾರೆ.

ನಮ್ಮ ಮಾವನಿಗೆ ಆಗಿದ್ದು ಹೇಳುತ್ತೇನೆ. ಅವರು ಒಂದು ವರ್ಷ ಡೋರ್ ಬದಲಾಯಿಸಲು ಕ್ಲೇಮ್ ಮಾಡಿದ್ದರು. ಮುಂದಿನ ವರ್ಷ ಬೇರೆ ಕಂಪನಿಗೆ ಹೋದರು, ಫಾರಂ ತುಂಬಿದವನು ಎನ್‌ಸಿಬಿ 35 ಎಂದು ಹಾಕಿಬಿಟ್ಟ. ಮಾವ ಓದದೆ ಸಹಿ ಮಾಡಿದರು, ಎರಡು ಸಾವಿರ ಚಿಲ್ಲರೆ ಉಳಿಯಿತು ಅಂತ ಖುಷಿ ಬೇರೆ. ಎಂಟು ತಿಂಗಳಿಗೆ ಲಿಂಗಸುಗೂರು ರಸ್ತೆಯಲ್ಲಿ ರಾತ್ರಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದರು. ಜೀವಕ್ಕೆ ಏನೂ ಆಗಲಿಲ್ಲ, ಪುಣ್ಯ. ಕಂಪನಿಯವರು ಹಳೇ ಕಂಪನಿಯಿಂದ ದಾಖಲೆ ತರಿಸಿದರು, ಹಳೇ ಕ್ಲೇಮ್ ಹೊರಗೆ ಬಂತು, ಕ್ಲೇಮು ಪೂರ್ತಿ ವಜಾ. ಫಾರಂನಲ್ಲೇ ಇರುತ್ತದೆ ನೋಡಿ, ಎನ್‌ಸಿಬಿ ಬಗ್ಗೆ ಹೇಳಿದ್ದು ಸುಳ್ಳಾದರೆ ಓನ್ ಡ್ಯಾಮೇಜ್ ಸವಲತ್ತು ಹೋಗುತ್ತದೆ ಎಂದು. ಬಾನೆಟ್ ಮುದ್ದೆಯಾದ ಕಾರು ಗ್ಯಾರೇಜಿನ ಬೇವಿನ ಮರದ ಕೆಳಗೆ ಐದು ತಿಂಗಳು ನಿಂತಿತ್ತು, ಗಾಜಿನ ಮೇಲೆಲ್ಲ ಹಕ್ಕಿ ಹಿಕ್ಕೆ.

ಫಾರಂ ತುಂಬಿದವನಿಗೆ ಏನೂ ಆಗಲಿಲ್ಲ. ಸಹಿ ಮಾಡಿದ್ದು ಮಾವನೇ ಅಲ್ವಾ.

ಅದಿರುಧೂಳು (ಬಳ್ಳಾರಿ):

ನನ್ನ ಹತ್ತಿರವೂ ಎರಡು ಕಾರು ಇವೆ, ಎರಡಕ್ಕೂ ಬೇರೆ ಬೇರೆ ಎನ್‌ಸಿಬಿ. ಇದರಲ್ಲಿ ಒಂದು ಲಾಭವೂ ಇದೆ. ಮಗ ದೊಡ್ಡ ಕಾರನ್ನು ಡಿವೈಡರ್‌ಗೆ ಹತ್ತಿಸಿದ, ಬಿಲ್ಲು 64,000. ಕ್ಲೇಮ್ ಮಾಡಿದೆ, ಆ ಕಾರಿನ ಎನ್‌ಸಿಬಿ ಸೊನ್ನೆ ಆಯಿತು. ಚಿಕ್ಕ ಕಾರಿನ 50 ಮಾತ್ರ ಅಲ್ಲಾಡಲಿಲ್ಲ. ಒಂದರ ಪಾಪ ಇನ್ನೊಂದಕ್ಕೆ ತಟ್ಟುವುದಿಲ್ಲ.

ಆಮೇಲೆ ಒಂದು ದಿನ ತೋರಣಗಲ್ಲು ಹತ್ತಿರ ಅದಿರು ಲಾರಿ ಹಿಂದೆ ಸಿಕ್ಕಿಕೊಂಡೆ. ಟಪ್ ಅಂತ ಒಂದು ಕಲ್ಲು. ಚಿಕ್ಕ ಕಾರಿನ ಮುಂದಿನ ಗಾಜಿನಲ್ಲಿ ಕಡಲೆಕಾಳಿನಷ್ಟು ಚುಕ್ಕೆ, ಮನೆ ಮುಟ್ಟುವುದರೊಳಗೆ ಒಂದು ಗೇಣು ಬಿರುಕು. ಹೊಸ ಗಾಜಿಗೆ 7,800. ಗ್ಯಾರೇಜಿನವನು ಇನ್ಶೂರೆನ್ಸ್ ಇದೆಯಲ್ಲ ಸರ ಎಂದ. ಕೂತು ಲೆಕ್ಕ ಹಾಕಿದೆ. ಕಂಪಲ್ಸರಿ ಅಂತ 1,000 ನಾನೇ ಕೊಡಬೇಕು, ಬರುವುದು 6,800. ನನ್ನ ಓನ್ ಡ್ಯಾಮೇಜ್ ಡಿಸ್ಕೌಂಟಿಗೆ ಮುಂಚೆ 10,000. ಈಗ ಅರ್ಧ ಕಟ್ಟುತ್ತೇನೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಪೂರ್ತಿ ಹತ್ತು ಸಾವಿರ, ಅಂದರೆ 5,000 ಜಾಸ್ತಿ. ಆಮೇಲೆ ಡಿಸ್ಕೌಂಟ್ 20, 25, 35, 45 ಎಂದು ಏರಿದ ಹಾಗೆ ವರ್ಷವರ್ಷಕ್ಕೆ 3,000, 2,500, 1,500, 500 ಜಾಸ್ತಿ. ಮತ್ತೆ 50ಕ್ಕೆ ಬರುವಷ್ಟರಲ್ಲಿ 12,500 ಹೋಗುತ್ತದೆ, ಜಿಎಸ್‌ಟಿ ಬಿಟ್ಟು. ಗಾಡಿ ಹಳೆಯದಾದ ಹಾಗೆ ಪ್ರೀಮಿಯಂ ಇಳಿಯುತ್ತದೆ, ಅದನ್ನು ಕಳೆದರೂ 6,800ಕ್ಕಿಂತ ಜಾಸ್ತಿಯೇ. ಗಾಜು ಕೈಯಿಂದ ಹಾಕಿಸಿದೆ.

ಎನ್‌ಸಿಬಿ ಪ್ರೊಟೆಕ್ಟ್ ಅಂತ ಒಂದು ಆಡ್-ಆನ್ ಇದೆ, ಸ್ವಲ್ಪ ಜಾಸ್ತಿ ಕೊಟ್ಟರೆ ಕ್ಲೇಮ್ ಮಾಡಿದರೂ ಉಳಿಯುತ್ತದೆ, ಎಷ್ಟು ಕ್ಲೇಮಿನವರೆಗೆ ಎಂದು ಪಾಲಿಸಿಯಲ್ಲಿ ಓದಿಕೊಳ್ಳಿ. 50 ಇದ್ದವರಿಗೆ ಪರವಾಗಿಲ್ಲ. ಸೊನ್ನೆ ಇರುವ ಹೊಸ ಕಾರಿಗೆ ಅದನ್ನು ಮಾರಲು ಬಂದರೆ ನಕ್ಕು ಎದ್ದು ಬನ್ನಿ.

ಭತ್ತದನಾಡು:

ಎಲ್ಲರಿಗೂ ಥ್ಯಾಂಕ್ಸ್. ರಾಯಚೂರಿನ ಅಣ್ಣ ಹೇಳಿದ್ದು ಕೇಳಿ ಆ ಹುಡುಗನಿಗೆ ಬೇಡಪ್ಪ ಎಂದು ಹೇಳಿಬಿಟ್ಟೆ. 18,000 ಕಟ್ಟಿಬಿಡುತ್ತೇನೆ. ಎಲ್ಲ ಗಾಡಿಗೂ ಸೇರಿ ಒಂದೇ ಪಾಲಿಸಿ ಬಂದಿದೆ ಅಂತ ಒಬ್ಬರು ಹೇಳಿದರು, ನಿಜವಾ?

ಪಾಲಿಸಿಅಣ್ಣ:

ನಿಜ. ಒಬ್ಬರ ಹೆಸರಲ್ಲಿರುವ ಕಾರು, ಬೈಕುಗಳಿಗೆ ಫ್ಲೋಟರ್, ಅಂದರೆ ಎಲ್ಲಕ್ಕೂ ಸೇರಿದ ಒಂದೇ ಪಾಲಿಸಿ ಕೊಡಬಹುದು ಎಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ನಿಮಗೆ ಅದರ ಅವಸರ ಇಲ್ಲ.

ನನಗೆ ರಾತ್ರಿಯಿಂದ ತಲೆಯಲ್ಲಿ ಕೊರೆಯುತ್ತಿರುವುದು "ಅದರ ವಿಷಯ ಬಿಡಿ" ಎಂದಿರಲ್ಲ, ಆ ಆಲ್ಟೋ. ಅದರ ಪಾಲಿಸಿ ಯಾವಾಗ ಮುಗಿಯುತ್ತದೆ? ಎನ್‌ಸಿಬಿ ಎಷ್ಟಿದೆ?

ಭತ್ತದನಾಡು:

ತೆಗೆದು ನೋಡಿದೆ. ಇನ್ನೂ ನಾಲ್ಕು ತಿಂಗಳಿದೆ, 50 ಪರ್ಸೆಂಟ್. ಅಪ್ಪಾಜಿ ನಲವತ್ತರ ಮೇಲೆ ಓಡಿಸಿದವರಲ್ಲ, ಕ್ಲೇಮ್ ಎಲ್ಲಿಂದ ಬರಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಅವರ ಕನ್ನಡಕದ ಡಬ್ಬಿ ಹಾಗೇ ಇದೆ.

ಪಾಲಿಸಿಅಣ್ಣ:

ಹಾಗಾದರೆ ತಡ ಮಾಡಬೇಡಿ. ಪಾಲಿಸಿದಾರರು ತೀರಿಕೊಂಡರೆ ಪಾಲಿಸಿ ಮೂರು ತಿಂಗಳು ನಡೆಯುತ್ತದೆ, ಅದಕ್ಕೆ ಮುಂಚೆ ಮುಗಿಯುವುದಿದ್ದರೆ ಅಲ್ಲಿಯವರೆಗೆ. ನಾಲ್ಕು ತಿಂಗಳಿದೆ ಅಂತ ಸುಮ್ನೆ ಕೂರಬೇಡಿ, ನಿಮಗೆ ಇರುವುದು ಇನ್ನೊಂದು ತಿಂಗಳು. ಅಷ್ಟರಲ್ಲಿ ಡೆತ್ ಸರ್ಟಿಫಿಕೇಟ್, ವಾರಸುದಾರರ ಕಾಗದ ಹಿಡಿದು ಆರ್‌ಟಿಓದಲ್ಲಿ ಫಾರಂ 31 ಕೊಟ್ಟು ಆರ್‌ಸಿ ಹೆಸರು ಬದಲಾವಣೆಗೆ ಹಾಕಿ, ಇನ್ಶೂರೆನ್ಸ್ ಕಂಪನಿಗೂ ಅರ್ಜಿ ಕೊಡಿ.

ಮಾರಿದ ಗಾಡಿ ಕೊಂಡವರಿಗೆ ಎನ್‌ಸಿಬಿ ಸಿಗುವುದಿಲ್ಲ. ಆದರೆ ಮಾಲೀಕರು ತೀರಿಕೊಂಡು ಗಾಡಿ ಹೆಂಡತಿ, ಮಕ್ಕಳು ಅಥವಾ ತಂದೆ-ತಾಯಿ ಕೈಗೆ ಬಂದರೆ ಅವರ ಎನ್‌ಸಿಬಿಯೂ ಜೊತೆಗೆ ಬರುತ್ತದೆ. ಅಪ್ಪಾಜಿಯವರ 50 ನಿಮ್ಮದಾಗುತ್ತದೆ. ಆಮೇಲೆ ಆ ಆಲ್ಟೋ ಮಾರಿದರೆ ಎನ್‌ಸಿಬಿ ಲೆಟರ್ ತೆಗೆದುಕೊಂಡು ಬ್ರೆಝಾಗೆ ಹಾಕಬಹುದು. ಇದು ಕಳ್ಳದಾರಿ ಅಲ್ಲ.

ಭತ್ತದನಾಡು:

ಅವ್ವನನ್ನು ಕೇಳಿದೆ. "ಒಂಬತ್ತು ಸಾವಿರಕ್ಕ ನಿಮ್ಮಪ್ಪನ ಕಾರು ಮಾರ್ತೀಯೇನು" ಎಂದಳು. ಅಲ್ಲಿಗೆ ಮುಗಿಯಿತು.

ಬಿಸಿಲೂರು:

ಅಣ್ಣ, ಹಾಗಾದರೆ ಆಲ್ಟೋ ಇಟ್ಟುಕೊಂಡು ವ್ಯಾಗನ್ ಆರ್ ಮಾರಿ! ಅಕ್ಕಾವರು ಆಲ್ಟೋದಲ್ಲಿ ಕಾರಟಗಿಗೆ ಹೋಗಲಿ. ಅಪ್ಪಾಜಿಯ 50 ಆಲ್ಟೋ ಮೇಲೇ ಇರಲಿ, ನಿಮ್ಮ 50 ಬ್ರೆಝಾಗೆ ಬರಲಿ. ಎರಡು ಟವೆಲ್, ಎರಡು ಸೀಟು.

ಪಾಲಿಸಿಅಣ್ಣ:

ರಾಯಚೂರಿನವರಿಗೆ ನಮ್ಮ ಆಫೀಸಿನಲ್ಲಿ ಒಂದು ಕುರ್ಚಿ ಹಾಕಿಸಬೇಕು.

ಹೀಗೆ ಮಾಡುವುದಾದರೆ ಯಾವುದು ಮೊದಲು ಎನ್ನುವುದು ಮುಖ್ಯ. ವ್ಯಾಗನ್ ಆರ್ ಮಾರಿ, ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಆದ ಕಾಪಿ, ಡೆಲಿವರಿ ನೋಟ್ ಕೊಟ್ಟು ನಿಮ್ಮ ಕಂಪನಿಯಿಂದ ಎನ್‌ಸಿಬಿ ಲೆಟರ್ ತೆಗೆದುಕೊಳ್ಳಿ. ಆ ಲೆಟರ್ ಮೂರು ವರ್ಷ ನಡೆಯುತ್ತದೆ. ಅದು ಕೈಗೆ ಬಂದ ಮೇಲೆಯೇ ಬ್ರೆಝಾ ಪಾಲಿಸಿ ಮಾಡಿಸಿ, ಡೆಲಿವರಿ ಒಂದು ವಾರ ಮುಂದೆ ಹೋದರೂ ಸರಿ. ಕೊಂಡವರು ಹದಿನಾಲ್ಕು ದಿನದೊಳಗೆ ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ನಿಮ್ಮ ಎನ್‌ಸಿಬಿ ಅವರಿಗೆ ಸಿಗದ ಕಾರಣ ಉಳಿದ ಅವಧಿಗೆ ಆ ಡಿಸ್ಕೌಂಟಿನ ಹಣ ಅವರು ಕಟ್ಟಬೇಕು, ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಇನ್ನೊಂದು. ಅಪಘಾತ ವಿಮೆ ತೆಗೆಸಿ ಎಂದಿದ್ದೆ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ವ್ಯಾಗನ್ ಆರ್ ಹೋದರೆ ಅದರಲ್ಲಿದ್ದ ನಿಮ್ಮ 15 ಲಕ್ಷದ ಕವರ್ ಕೂಡ ಹೋಗುತ್ತದೆ. ಬ್ರೆಝಾದಲ್ಲಿ ಇರಲಿ.

ಆಲ್ಟೋ ರಿನ್ಯೂ ತಪ್ಪಿಸಬೇಡಿ. ಮುಗಿದು 90 ದಿನ ದಾಟಿದರೆ ಅಪ್ಪಾಜಿ ಇಷ್ಟು ವರ್ಷ ಕೂಡಿಟ್ಟದ್ದು ಸೊನ್ನೆ.

ಭತ್ತದನಾಡು:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋದ ವಾರ ಕೊಪ್ಪಳಕ್ಕೆ ಹೋಗಿ ಆಲ್ಟೋ ಕಾಗದ ಕೊಟ್ಟು ಬಂದೆ, ಇನ್ಶೂರೆನ್ಸ್ ಅರ್ಜಿಯೂ ಆಯಿತು. ವ್ಯಾಗನ್ ಆರ್‌ಗೆ ಸಿಂಧನೂರಿನವರು ಒಬ್ಬರು ಬಂದು ನೋಡಿ ಹೋಗಿದ್ದಾರೆ, ರೇಟು ಇನ್ನೂ ಕುದುರಿಲ್ಲ.

ಮನೆಯವರಿಗೆ ಒಂದೇ ಬೇಜಾರು, ಆಲ್ಟೋದಲ್ಲಿ ಪವರ್ ಸ್ಟಿಯರಿಂಗ್ ಇಲ್ಲ. ಭಾನುವಾರ ಕಾಲೇಜು ಮೈದಾನದಲ್ಲಿ ಎರಡು ಸುತ್ತು ಹೊಡೆಸಿದೆ. ಇಳಿದು ತೋಳು ತಿಕ್ಕಿಕೊಳ್ಳುತ್ತಾ, "ಬ್ರೆಝಾ ನಾನು ತಗೊಂಡು ಹೋಗ್ತೀನಿ, ಇದನ್ನ ನೀವು ಓಡಿಸ್ರಿ" ಎಂದರು. ಎನ್‌ಸಿಬಿಗೆ ಅದರಿಂದ ಏನೂ ತೊಂದರೆ ಇಲ್ಲ ಅಲ್ವಾ?

ಪಾಲಿಸಿಅಣ್ಣ:

ಎನ್‌ಸಿಬಿಗೆ ಏನೂ ಇಲ್ಲ ಸರ್. ಲೈಸೆನ್ಸ್ ಇದ್ದರೆ ಸಾಕು, ಯಾವುದನ್ನು ಯಾರು ಬೇಕಾದರೂ ಓಡಿಸಿ.