ಬಲೂನಿನ ಬಾಯಿಗೆ ಸ್ಕೂಪ್ ಒಳ್ಳೆಯದೋ, ಸ್ಕರ್ಟ್ ಒಳ್ಳೆಯದೋ?

ಪ್ರಶ್ನೆ: ಮೋಡದಂಚು

ಎಲ್ಲರಿಗೂ ನಮಸ್ಕಾರ. 1,05,000 ಘನ ಅಡಿಯ, ಅಂದರೆ ಸುಮಾರು 3,000 ಘನ ಮೀಟರಿನ ಬಿಸಿಗಾಳಿ ಬಲೂನಿನ ಒಂದು ಹಳೆಯ ಎನ್ವಲಪ್ (ಗಾಳಿ ತುಂಬುವ ಬಟ್ಟೆಯ ಚೀಲ) ಕೊಳ್ಳುವ ಮಾತುಕತೆ ನಡೆದಿದೆ. ಬಟ್ಟೆ ಗಟ್ಟಿಮುಟ್ಟಾಗಿದೆ, ಆದರೆ ಬಾಯಿ ಬೋಳು. ಬಾಯಿಗೂ ಬರ್ನರಿಗೂ ನಡುವೆ ಕಟ್ಟುವ ಬಟ್ಟೆಯ ಮರೆಗಳಾದ ಸ್ಕೂಪೂ ಇಲ್ಲ, ಸ್ಕರ್ಟೂ ಇಲ್ಲ. ಬರ್ನರ್ ಡಬಲ್. ಅರ್ಧದಷ್ಟು ಕೆಲಸ ಹಗ್ಗ ಕಟ್ಟಿ ಏರಿಸುವ ಟೆದರ್, ಉಳಿದದ್ದು ಮುಂಜಾನೆಯ ಮುಕ್ತ ಹಾರಾಟ. ಎರಡರಲ್ಲಿ ಯಾವುದನ್ನು ಹಾಕಿಸಬೇಕು? ಏನೂ ಇಲ್ಲದೆಯೇ ನಡೆಯುತ್ತದೆಯೇ?

ಉತ್ತರ: ಏರುಗಾಳಿ

ನಿಮ್ಮ ಕೆಲಸದಲ್ಲಿ ಅರ್ಧ ಟೆದರ್ ಅಂದ ಮೇಲೆ ಸ್ಕೂಪ್ ಹಾಕಿಸಿ. ಏಕೆ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬಲೂನಿನ ಬಾಯಿ ತೆರೆದೇ ಇರುವುದರಿಂದ ಅಲ್ಲಿ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಒಂದೇ. ಮೇಲೆ ಹೋದಂತೆ ಮಾತ್ರ ಹೊರಗಿನದಕ್ಕಿಂತ ಒಳಗಿನದು ಹೆಚ್ಚಾಗುತ್ತಾ ಹೋಗುತ್ತದೆ. ಹೊರಗೆ 15 ಡಿಗ್ರಿ, ಒಳಗೆ 100 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ವ್ಯತ್ಯಾಸ ಪ್ರತಿ ಮೀಟರಿಗೆ ಹೆಚ್ಚುವುದು ಸುಮಾರು 2.7 ಪಾಸ್ಕಲ್. ಸೆಕೆಂಡಿಗೆ 5 ಮೀಟರ್ (ಗಂಟೆಗೆ 18 ಕಿ.ಮೀ.) ಗಾಳಿ ಎದುರಿನಿಂದ ಒತ್ತುವುದು ಸುಮಾರು 15 ಪಾಸ್ಕಲ್. ಅಂದರೆ ಬಾಯಿಂದ ಐದೂವರೆ ಮೀಟರ್ ಎತ್ತರದವರೆಗೆ ಹೊರಗಿನ ಗಾಳಿಯದೇ ಮೇಲುಗೈ. ಅಷ್ಟು ಬಟ್ಟೆ ಒಳಕ್ಕೆ ತಗ್ಗುತ್ತದೆ, ಬಾಯಿ ಮುದುಡುತ್ತದೆ, ಬಿಸಿಗಾಳಿ ಹೊರಚೆಲ್ಲುತ್ತದೆ. ಆ ಹೊತ್ತಿಗೆ ಬರ್ನರ್ ಹಚ್ಚಿದರೆ ಜ್ವಾಲೆ ನೇರ ಬಟ್ಟೆಗೇ. ಗಾಳಿ ಸೆಕೆಂಡಿಗೆ 3 ಮೀಟರ್ ಮಾತ್ರ ಇದ್ದರೆ ತಗ್ಗುವ ಭಾಗ ಎರಡು ಮೀಟರಿಗೆ ಇಳಿಯುತ್ತದೆ. ಟೆದರಿನಲ್ಲಿ ಸ್ವಲ್ಪ ಹೆಚ್ಚಿದ ಗಾಳಿಯೂ ಅಷ್ಟೊಂದು ಕಾಡುವುದು ಇದಕ್ಕೇ.

ಸ್ಕೂಪ್ ಒಂದು ಕಡೆ ತೆರೆದಿರುತ್ತದೆ. ಮೇಲಂಚು ಬಾಯಿಗೆ, ಕೆಳಗಿನ ಮೂಲೆಗಳು ಬರ್ನರ್ ಫ್ರೇಮಿಗೆ. ತೆರೆದ ಬದಿ ಗಾಳಿಗೆ ಎದುರಾಗಿದ್ದರೆ ಅದೇ ಗಾಳಿಯನ್ನು ಹಿಡಿದು ಒಳಕ್ಕೆ ತಳ್ಳುತ್ತದೆ, ಬಾಯಿಯೊಳಗಿನ ಒತ್ತಡ ಏರುತ್ತದೆ, ಕೆಳಭಾಗ ಉಬ್ಬಿ ನಿಲ್ಲುತ್ತದೆ. ಸ್ಕರ್ಟ್ ಸುತ್ತಲೂ ಮುಚ್ಚಿದ್ದು. ಜ್ವಾಲೆಗೆ ಎಲ್ಲ ಕಡೆಯಿಂದಲೂ ಮರೆ ಕೊಡುತ್ತದೆ, ಆದರೆ ಗಾಳಿಯನ್ನು ಹಿಡಿದು ಒಳಗೆ ತುಂಬುವುದಿಲ್ಲ.

ಸ್ಕೂಪಿನ ಒಂದು ದೋಷವನ್ನು ಮಾತ್ರ ಸದಾ ನೆನಪಿಡಿ. ಟೆದರಿನಲ್ಲಿ ಗಾಳಿ ದಿಕ್ಕು ಬದಲಿಸಿ ಸ್ಕೂಪಿನ ಬೆನ್ನಿಗೆ ಹೊಡೆಯತೊಡಗಿದರೆ ಬಟ್ಟೆ ಜ್ವಾಲೆಯ ಕಡೆಗೆ ಉಬ್ಬುತ್ತದೆ, ಬಾಯಿಗೆ ಗಾಳಿಯೂ ಸಿಗುವುದಿಲ್ಲ. ಹಗ್ಗ ಕಟ್ಟಿರುವಾಗ ಬಲೂನನ್ನು ತಿರುಗಿಸಿ ಸರಿಮಾಡಲಾಗದು. ಇಳಿಸಿ, ಹಗ್ಗಗಳ ಜಾಗ ಬದಲಿಸಿ, ಇಲ್ಲವೇ ಅಂದಿನ ಕೆಲಸ ನಿಲ್ಲಿಸಿ.

ಮುಕ್ತ ಹಾರಾಟದಲ್ಲಿ ಬಲೂನು ಗಾಳಿಯೊಂದಿಗೇ ಸಾಗುವುದರಿಂದ ಬುಟ್ಟಿಯಲ್ಲಿ ಗಾಳಿಯೇ ತಿಳಿಯದು. ಗಾಳಿಯ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಪೆಟ್ಟು. ಒಳಗಿನ ಗಾಳಿಯೂ ಸೇರಿ ನಿಮ್ಮ ಬಲೂನಿನ ತೂಕ ಮೂರು ಟನ್ನಿಗೂ ಹೆಚ್ಚು, ಹೊಸ ವೇಗ ಹಿಡಿಯಲು ಅದಕ್ಕೆ ಸಮಯ ಬೇಕು. ವೇಗದ ಪದರಕ್ಕೆ ಏರುವಾಗ ಗಾಳಿ ಬೆನ್ನ ಕಡೆಯಿಂದ ಬಡಿಯುತ್ತದೆ, ನಿಧಾನದ ಪದರಕ್ಕೆ ಇಳಿಯುವಾಗ ಮುಂದಿನಿಂದ. ಎನ್ವಲಪಿಗೆ ಬಲೂನನ್ನು ತಿರುಗಿಸುವ ವೆಂಟ್‌ಗಳಿದ್ದರೆ (ಬಿಸಿಗಾಳಿ ಹೊರಬಿಡುವ ಪಕ್ಕದ ಕಿಂಡಿಗಳು) ಸ್ಕೂಪಿನ ತೆರೆದ ಬದಿಯನ್ನು ಮೊದಲೇ ಆ ಕಡೆಗೆ ತಿರುಗಿಸಿಕೊಳ್ಳಬಹುದು. ವೆಂಟ್ ಇಲ್ಲದೆ ಮುಕ್ತ ಹಾರಾಟ ಮಾತ್ರ ಮಾಡುವವರಿಗಾದರೆ ಸ್ಕರ್ಟೇ ಸಾಕು ಅನ್ನುತ್ತಿದ್ದೆ.

ಏನೂ ಇಲ್ಲದೆ ಹಾರಬಹುದೇ ಎಂಬುದನ್ನು ಆ ಮಾದರಿಯ ಹಾರಾಟ ಕೈಪಿಡಿಯೇ ಹೇಳಬೇಕು.

ಮೋಡದಂಚು

ಸರ್, ತುಂಬಾ ಉಪಕಾರವಾಯಿತು. ಇನ್ನೊಂದು ಅನುಮಾನ: ಬೇರೆ ಕಂಪನಿಯ ಬಳಸಿದ ಸ್ಕೂಪ್ ಒಂದು ಸಿಗುತ್ತಿದೆ. ಅಳತೆ ಹತ್ತಿರಹತ್ತಿರ ಇದೆ. ಹೊಲಿಗೆ ಬಿಚ್ಚಿ ಹೊಂದಿಸಿಕೊಳ್ಳಬಹುದೇ?

ಉತ್ತರ: ಹೊಲಿಗೆಕೋಣೆ

ಬೇಡ. ಸ್ಕೂಪ್ ನಿಮ್ಮ ಎನ್ವಲಪ್ ಮಾದರಿಯ ಅನುಮೋದಿತ ಪಟ್ಟಿಯಲ್ಲೇ ಇರಬೇಕು, ಇಲ್ಲವಾದರೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಕಾಗದದ ಮಾತು ಹಾಗಿರಲಿ, ಅಳತೆ ಹತ್ತಿರಹತ್ತಿರ ಇದ್ದರೆ ಸಾಲದು. ಎನ್ವಲಪನ್ನು ಬರ್ನರ್ ಫ್ರೇಮಿಗೆ ಜೋಡಿಸುವ ಫ್ಲೈಯಿಂಗ್ ವೈರುಗಳ ಉದ್ದಕ್ಕೆ ಸ್ಕೂಪಿನ ಎತ್ತರ ಹೊಂದದಿದ್ದರೆ ಎರಡರಲ್ಲೊಂದು ಆಗುತ್ತದೆ. ಗಿಡ್ಡವಾದರೆ ವೈರಿನ ಬದಲು ಸ್ಕೂಪಿನ ಬಟ್ಟೆಯ ಮೇಲೇ ಭಾರ ಬಿದ್ದು ಮೂಲೆಗಳು ಹರಿಯುತ್ತವೆ. ಉದ್ದವಾದರೆ ಸಡಿಲ ಬಟ್ಟೆ ಜೋತುಬಿದ್ದು ಜ್ವಾಲೆಗೆ ಸಿಗುತ್ತದೆ. ಭಾರ ಹೊರುವುದು ವೈರ್ ಮತ್ತು ಕ್ಯಾರಬೈನರ್ (ಲೋಹದ ಕೊಂಡಿ). ಸ್ಕೂಪಿಗೆ ಆ ಕೆಲಸ ಬೀಳಲೇಬಾರದು.

ಕಂಪನಿಯ ಸರಿಯಾದ ಸ್ಕೂಪೇ ಸಿಕ್ಕರೂ, ಬಳಸಿದ್ದಾದರೆ ಹೀಗೆ ನೋಡಿ. ಬಟ್ಟೆ ನೋಮೆಕ್ಸ್ (ಉರಿ ತಡೆಯುವ ಅರಾಮಿಡ್ ನಾರಿನ ಬಟ್ಟೆ) ಆಗಿರಬೇಕು. ಎನ್ವಲಪಿನ ಮೇಲಿನ ಭಾಗದ ನೈಲಾನ್ 220ರಿಂದ 265 ಡಿಗ್ರಿಯೊಳಗೆ ಕರಗಿಬಿಡುತ್ತದೆ. ನೋಮೆಕ್ಸ್ ಕರಗುವುದಿಲ್ಲ, ಸುಮಾರು 370 ಡಿಗ್ರಿ ದಾಟಿದ ಮೇಲೆ ಕರಿಕಲಾಗುತ್ತದೆ. ಕಪ್ಪು ಕಂಡ ಕೂಡಲೇ ಸುಟ್ಟಿದೆ ಎಂದು ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹೋದರೆ ಅದು ಮಸಿ. ಕಂದು ಬಣ್ಣ ಉಳಿದು, ಆ ಜಾಗ ಬಿರುಸಾಗಿ, ಮಡಿಸಿದರೆ ಗೆರೆಯಲ್ಲೇ ಮುರಿಯುವಂತಿದ್ದರೆ ಸುಟ್ಟಿದೆ. ಬಟ್ಟೆ ಬಿಸಿಲಿಗೂ ಸೋಲುತ್ತದೆ, ಹೀಗಾಗಿ ಬೆರಳಲ್ಲಿ ಎಳೆದು ನೋಡಿ.

ಹೆಚ್ಚಿನವರು ತಪ್ಪುವುದು ದಾರದಲ್ಲಿ. ಹಿಂದೆ ಯಾರೋ ರಿಪೇರಿ ಮಾಡಿದ್ದರೆ ಆ ಹೊಲಿಗೆಯ ದಾರವೂ ಅರಾಮಿಡ್ ಆಗಿರಬೇಕು. ಪಾಲಿಯೆಸ್ಟರ್ ದಾರ ಹಾಕಿದ್ದರೆ ಬಟ್ಟೆ ಉಳಿದು ಹೊಲಿಗೆ ಕರಗಿ ತೆರೆದುಕೊಳ್ಳುತ್ತದೆ. ಜೋಡಣೆಯ ವೆಲ್ಕ್ರೋ ಪಟ್ಟಿಯೂ ಸಾಮಾನ್ಯವಾಗಿ ನೈಲಾನೇ, ಕೊಕ್ಕೆಗಳು ಕರಗಿ ನುಣ್ಣಗಾಗಿವೆಯೇ ಎಂದು ಸವರಿ ನೋಡಿ. ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು, ಮೃದು ಸೋಪು. ಕ್ಲೋರಿನ್ ಬ್ಲೀಚ್ ಬೇಡ. ಪೂರ್ತಿ ಒಣಗಿದ ಮೇಲೆಯೇ ಚೀಲಕ್ಕೆ.

ಉತ್ತರ: ನೀಲಿಜ್ವಾಲೆ

ಬರ್ನರ್ ಬಗ್ಗೆ ಯಾರೂ ಹೇಳಿಲ್ಲ. ಡಬಲ್ ಬರ್ನರಿನಲ್ಲಿ ಎರಡೂ ಜ್ವಾಲೆಗಳು ನಡುಮಧ್ಯದಿಂದ ಆಚೀಚೆ ಇರುತ್ತವೆ. ಗಾಳಿಯಿಲ್ಲದ ಹೊತ್ತಿನಲ್ಲಿ ಬಲೂನು ನಿಂತ ಮೇಲೆ ಮೊದಲು ಒಂದೊಂದಾಗಿ, ಆಮೇಲೆ ಎರಡೂ ಸೇರಿಸಿ ಚಿಕ್ಕದಾಗಿ ಹಚ್ಚಿ ನೋಡಿ. ಜ್ವಾಲೆ ಬಾಯಂಚಿನಿಂದ ಎಲ್ಲ ಕಡೆ ದೂರ ಇರಬೇಕು. ಸ್ಕರ್ಟಿನಲ್ಲಿ ಬಟ್ಟೆ ಸುತ್ತಲೂ ಹತ್ತಿರ ಇರುವುದರಿಂದ ಬರ್ನರ್ ಓರೆಯಾಗಿಸಲು ಜಾಗ ಕಡಿಮೆ.

ಬಾಯಿ ಮುದುಡಿದ್ದಾಗ ಹ್ಯಾಂಡಲ್ ಒತ್ತಬೇಡಿ. ಮತ್ತೆ ತೆರೆದುಕೊಳ್ಳುವ ಕ್ಷಣಕ್ಕೆ ಕಾದು, ಉದ್ದ ಉರಿಯ ಬದಲು ಬಿಟ್ಟುಬಿಟ್ಟು ಚಿಕ್ಕಚಿಕ್ಕದಾಗಿ ಹಚ್ಚಿ. ನೆಲ ಹತ್ತಿರವಿದ್ದರೆ ಕಾಯುವುದಕ್ಕೆ ಸಮಯವಿರದು, ಆದ್ದರಿಂದ ಇಳಿಯುವ ವೇಗವನ್ನು ಮೇಲೆಯೇ ತಗ್ಗಿಸಿಕೊಂಡಿರಬೇಕು.

ಉತ್ತರ: ನೆಲದ ಬಳಗ

ಗಾಳಿ ತುಂಬುವಾಗಿನ ವಿಚಾರವನ್ನೂ ಸೇರಿಸುತ್ತೇನೆ, ಬಾಯಿ ಸುಡುವುದು ಹೆಚ್ಚಾಗಿ ಅಲ್ಲೇ.

ಬುಟ್ಟಿ ಗಾಳಿ ಬರುವ ಕಡೆ, ಎನ್ವಲಪ್ ಗಾಳಿ ಹೋಗುವ ಕಡೆ ಮಲಗಿರುತ್ತದೆ. ಸ್ಕೂಪಿನ ಮುಚ್ಚಿದ ಬದಿ ನೆಲದ ಕಡೆ ಬರುವಂತೆ ಜೋಡಿಸಿದರೆ, ಬಲೂನು ಎದ್ದು ನಿಂತಾಗ ತೆರೆದ ಬದಿ ತಾನಾಗಿ ಗಾಳಿಗೆ ಎದುರಾಗುತ್ತದೆ. ಜೋಡಿಸಿದ ಮೇಲೆ ಪ್ಯಾರಾಚೂಟ್ ವೆಂಟ್ (ಬಲೂನಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಬಿಡುವ ಕಿಂಡಿ) ಹಗ್ಗವನ್ನು ಕೈಯಿಂದಲೇ ಹಿಡಿದು ಮೇಲಿನವರೆಗೆ ಕಣ್ಣಾಡಿಸಿ. ಅದು ಬಾಯಿಯ ಒಳಗಿಂದಲೇ ನೇರ ಬರಬೇಕು. ಸ್ಕೂಪಿಗೂ ವೈರಿಗೂ ನಡುವೆ ಅಥವಾ ಯಾವುದಾದರೂ ಕ್ಲಿಪ್ಪಿಗೆ ಸಿಕ್ಕಿಕೊಂಡರೆ ಇಳಿಯುವಾಗ ವೆಂಟ್ ತೆರೆಯುವುದಿಲ್ಲ.

ಫ್ಯಾನನ್ನು ಬಾಯಿಂದ ಎರಡು ಮೂರು ಮೀಟರ್ ದೂರ, ಬುಟ್ಟಿಯ ಪಕ್ಕಕ್ಕೆ, ಗಾಳಿ ಬಾಯಿಯ ನಡುವಿಗೆ ಹೋಗುವಂತೆ ಇಡಿ. ರೆಕ್ಕೆ ತಿರುಗುವ ನೇರದಲ್ಲಿ ಎರಡೂ ಬದಿ ಯಾರೂ ನಿಲ್ಲಬಾರದು. ಎನ್ವಲಪ್ ಅರ್ಧಕ್ಕಿಂತ ಹೆಚ್ಚು ತಣ್ಣನೆಯ ಗಾಳಿಯಿಂದ ತುಂಬಿ, ಬಾಯಿಯ ಮೇಲಂಚು ಚೆನ್ನಾಗಿ ಎದ್ದಿರುವುದು ಕಂಡ ಮೇಲೆಯೇ ಮೊದಲ ಉರಿ. ಅವಸರಪಟ್ಟರೆ ಮೇಲಿನ ಬಟ್ಟೆ ಜ್ವಾಲೆಯ ದಾರಿಯಲ್ಲೇ ಜೋಲುತ್ತಿರುತ್ತದೆ. ಗಾಳಿ ಜೋರಿದ್ದಾಗ ಅತಿಯಾಗಿ ತುಂಬಿಸುವುದೂ ತಪ್ಪು, ಇಡೀ ಬಲೂನು ಹೊರಳತೊಡಗುತ್ತದೆ.

ಬಾಯಿ ಹಿಡಿಯಲು ಎರಡೂ ಬದಿಗೆ ಒಬ್ಬೊಬ್ಬರು. ಚರ್ಮದ ಕೈಗವಸು, ಹತ್ತಿಯ ಬಟ್ಟೆ. ಮೈಮೇಲೆ ನೈಲಾನ್ ಜಾಕೆಟ್ ಬೇಡ. ವೈರುಗಳ ಹೊರಗೆ ನಿಂತು ಬಾಯಂಚನ್ನು ಎತ್ತಿ ಹಿಡಿಯಬೇಕು. ವೈರನ್ನಾಗಲಿ ಹಗ್ಗವನ್ನಾಗಲಿ ಕೈಗೆ ಸುತ್ತಿಕೊಳ್ಳಲೇಬಾರದು. ಬಲೂನು ಏಳತೊಡಗಿದ ಕೂಡಲೇ ಕೈಬಿಟ್ಟು ಹೊರಕ್ಕೆ ಸರಿಯಬೇಕು, ಒಳಕ್ಕಲ್ಲ.