ಅಳಿಸಬೇಡ ಪುಟ್ಟಿ

ಪುಟ್ಟಿ, ಬೆಳಿಗ್ಗೆ ಕೇಳಿದ್ದೆಯಲ್ಲ, 'ದೊಡ್ಡಮ್ಮ, ವರ್ಷದಿಂದ ಬರೀತಾ ಇದ್ದೀನಿ, ಒಂದಿಷ್ಟೂ ಸುಧಾರಿಸಿಲ್ಲ, ಎಲ್ಲ ಅಳಿಸಿಬಿಡಲಾ' ಅಂತ. ಅಳಿಸಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಮಂಡ್ಯದ ಮನೆ ಅಟ್ಟ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ನನ್ನ ಉದ್ದ ನೋಟ್‌ಬುಕ್ಕುಗಳಿದ್ದವು, ಹೈಸ್ಕೂಲಿನಿಂದ ಬರೆದದ್ದು. ನಾನು ಟಿ.ಸಿ.ಎಚ್. (ಮೇಷ್ಟ್ರ ಟ್ರೈನಿಂಗು) ಓದಲು ಮೈಸೂರಿಗೆ ಬಂದ ವರ್ಷ ದೀಪಾವಳಿಗೆ ಅಂತ ಅಟ್ಟ ಗುಡಿಸಿದ್ದಾರೆ. ಹಬ್ಬಕ್ಕೆ ಹೋದವಳು ಎಣ್ಣೆ ಹಚ್ಚಿಕೊಂಡು ತಲೆಗೆ ಎರೆದುಕೊಂಡೆ. ಆಚೆ ಬಂದು ನೋಡಿದರೆ ಬಚ್ಚಲೊಲೆ ಮುಂದೆ ಅರ್ಧ ಸುಟ್ಟ ರಟ್ಟು, ಮೇಲೆ ನನ್ನದೇ ಅಕ್ಷರ. ನನ್ನ ಪುಸ್ತಕ ಉರಿಸಿ ಕಾಯಿಸಿದ ನೀರು ಅದು! ಕೇಳಿದರೆ 'ಹಳೇ ಕಾಗದ ತಾನೇ' ಅಂದರು. ಆಮೇಲೆ ಎಷ್ಟೋ ಬರೆದೆ, ಆಕಾಶವಾಣಿಗೂ ಕಳಿಸಿದೆ. ಆದರೆ ಮುಂದೆ ಹೋದೆನೋ, ನಿಂತಲ್ಲೇ ನಿಂತೆನೋ, ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಅಳಿಸಬೇಡ.

ಅದೇ ಅಟ್ಟದಲ್ಲಿದ್ದ ಅಣ್ಣನ ನೋಟ್ಸು ಮಾತ್ರ ಒಂದು ಹಾಳೆ ಕಳೆದಿಲ್ಲ. ಅವನ ಮಾರ್ಕ್ಸ್ ಕಾರ್ಡಿಗೆ ಫ್ರೇಮು ಬೇರೆ, ಇವತ್ತಿಗೂ ಗೋಡೆ ಮೇಲಿದೆ. ಅವನೂ ಫೋನಿನ ಈ ಗುಂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ಮೊನ್ನೆ ಗೌರಿ ಹಬ್ಬದ ಬಾಗಿನ ಕೊರಿಯರ್‌ನಲ್ಲಿ ಬಂತು. ಮಂಡ್ಯ ಏನು ಅಮೆರಿಕದಲ್ಲಿದೆಯಾ? ಹೋಗಲಿ ಬಿಡು.

ಏನು ಹೇಳುತ್ತಿದ್ದೆ... ಹಾಂ, ಸುಧಾರಿಸಿದ್ದು ಗೊತ್ತಾಗುವುದು ಹೇಗೆ ಅಂತ ಅಲ್ವಾ? ಕನ್ನಂಬಾಡಿ ಕಟ್ಟೆ ಮೇಲೆ ಸುಮ್ನೆ ನಿಂತು ನೋಡಿದರೆ ನೀರು ಏರುವುದು ಕಾಣುತ್ತದಾ? ಪೇಪರಿನವರು ದಿನಾ ಇಷ್ಟಡಿ ಅಂತ ಹಾಕುತ್ತಾರೆ, ಅದಕ್ಕೇ ಕಟ್ಟೆ ತುಂಬುವ 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ ಗೊತ್ತಾಗುವುದು. ನೀನೂ ಬರೆದದ್ದಕ್ಕೆಲ್ಲ ತಾರೀಕು ಹಾಕು. ಹಳೆಯದರ ಮೇಲೇ ತಿದ್ದಬೇಡ, ಕಾಪಿ ಮಾಡಿಕೊಂಡು ತಿದ್ದು. ಆರು ತಿಂಗಳಿಗೊಮ್ಮೆ ಹಳೆಯದನ್ನೂ ಹೊಸದನ್ನೂ ಗಟ್ಟಿಯಾಗಿ ಓದು. ಹಳೆಯದು ಓದುವಾಗ ನಾಚಿಕೆಯಾದರೆ ಒಳ್ಳೆಯದೇ, ಆಗ ಕಾಣದ ತಪ್ಪು ಈಗ ಕಾಣುತ್ತಿದೆ ಅಂತ ತಾನೇ.

ಹೋದ ದಸರಾದಲ್ಲಿ ನೀನು ದೇವರಾಜ ಮಾರ್ಕೆಟ್ ಬಗ್ಗೆ ಬರೆದು ಕಳಿಸಿದ್ದೆ, 'ಘಮಘಮಿಸುವ ಸುಂದರ ಮಲ್ಲಿಗೆ' ಅಂತೆಲ್ಲ. ಈ ಸಲದ್ದರಲ್ಲಿ ಹೂವಿನವಳು ಮೊಳ ಹಾಕುವಾಗ ಮೊಣಕೈ ಮೆಲ್ಲಗೆ ಮಡಿಸಿ ನಾಲ್ಕು ಹೂವು ಉಳಿಸಿಕೊಳ್ಳುವುದನ್ನು ಬರೆದಿದ್ದೀಯ. ನಾನು ಓದಿ ನಕ್ಕುಬಿಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೀನೇ ನೋಡು. ಹಾಗೇ ಪ್ರಿಂಟ್ ತೆಗೆಸಿ ಒಂದೊಂದು ಕಾಪಿ ನನಗೂ ಕಳಿಸು, ಫೋನಿನಲ್ಲಿ ಓದಲು ನನ್ನ ಕಣ್ಣಿಗೆ ಆಗುವುದಿಲ್ಲ.